ಮನೆ ಅಡವಿಟ್ಟು ಸಿನಿಮಾ ಮಾಡಿದವನು

ರೋಮನ್ ಪೊಲಾನ್‌ಸ್ಕಿಯ ‘ರೋಸ್‌ಮೆರೀಸ್ ಬೇಬಿ’ (1968) ನೋಡಿದವರು ಅದರಲ್ಲಿನ ಗಂಡನನ್ನು ಸುಲಭಕ್ಕೆ ಮರೆಯಲಾರರು. ಒಂದು ದೊಡ್ಡ ಪಾತ್ರ ಗಿಟ್ಟಲಿ ಎಂಬ ಆಸೆಗೆ ಹೆಂಡತಿಯ ಬಸಿರನ್ನೇ ಸೈತಾನನ ಭಕ್ತರಿಗೆ ಒಪ್ಪಿಸಿಬಿಡುವ ನಟ ಅವನು. ಚೂಪು ಕಣ್ಣು, ಕಪ್ಪು ಕೂದಲು, ನಂಬಬೇಕೋ ಬೇಡವೋ ತಿಳಿಯದಂಥ ನಗು. ಆ ಪಾತ್ರ ಮಾಡಿದ ಜಾನ್ ಕ್ಯಾಸವೆಟೀಸ್ ನಿಜಜೀವನದಲ್ಲಿ ನಡೆಸಿದ್ದು ಇದಕ್ಕೆ ತದ್ವಿರುದ್ಧದ ವ್ಯಾಪಾರ. ಹಾಲಿವುಡ್ ಕೊಟ್ಟ ಪಾತ್ರಗಳನ್ನು ಒಪ್ಪಿಕೊಳ್ಳುವುದು, ಬಂದ ಸಂಭಾವನೆಯನ್ನು ಮನೆಗೆ ತಂದು ಗ್ಯಾರೇಜಿನಲ್ಲಿ ಅರ್ಧಕ್ಕೆ ನಿಂತಿದ್ದ ತನ್ನದೇ ಸಿನಿಮಾದ ರೀಲುಗಳಿಗೆ ಸುರಿಯುವುದು.

ಆ ಸಿನಿಮಾದ ಹೆಸರು ‘ಫೇಸಸ್’. ಅದರ ಚಿತ್ರೀಕರಣ ನಡೆದದ್ದು 1965ರಲ್ಲಿ, ತೆರೆಗೆ ಬಂದದ್ದು 1968ರಲ್ಲಿ. ನಡುವಿನ ಮೂರು ವರ್ಷ ಸಂಕಲನಕ್ಕೇ ಹೋಯಿತು. ಆ ಖರ್ಚು ತೂಗಿಸಲು ಕ್ಯಾಸವೆಟೀಸ್ ಯುದ್ಧದ ಚಿತ್ರ ‘ದಿ ಡರ್ಟಿ ಡಜನ್’ನಲ್ಲಿ (1967) ಕೈದಿಯಾದ. ಅದಕ್ಕೆ ಅತ್ಯುತ್ತಮ ಪೋಷಕ ನಟನ ಆಸ್ಕರ್‌ಗೆ ಹೆಸರೂ ಸೂಚಿತವಾಯಿತು. ಬೇರೆ ಯಾರೇ ಆಗಿದ್ದರೂ ಅಲ್ಲಿಂದ ಮುಂದೆ ಹಾಯಾಗಿ ಖಳನ ಪಾತ್ರ ಮಾಡಿಕೊಂಡು ಇರುತ್ತಿದ್ದರು. ಇವನಿಗೆ ಅದು ಹೊಟ್ಟೆಪಾಡಿನ ನೌಕರಿ, ಅಸಲಿ ಕೆಲಸ ಗ್ಯಾರೇಜಿನಲ್ಲಿತ್ತು.

ಅಮೆರಿಕದ ಸ್ವತಂತ್ರ ಸಿನಿಮಾದ ಜನಕ ಎಂದು ಈಗ ಎಲ್ಲರೂ ಅವನನ್ನು ಕರೆಯುತ್ತಾರೆ. ಅವನ ಹೆಸರಿನಲ್ಲಿ ಕಡಿಮೆ ಬಜೆಟ್ಟಿನ ಚಿತ್ರಗಳಿಗೆ ಪ್ರತಿವರ್ಷ ಒಂದು ಪ್ರಶಸ್ತಿಯೂ ಸಲ್ಲುತ್ತದೆ. ಹೀಗೆ ಬಿರುದು ಕೊಡುವವರಲ್ಲಿ ಅವನ ಸಿನಿಮಾಗಳನ್ನು ಕೂತು ನೋಡಿದವರು ಎಷ್ಟು ಮಂದಿಯೋ! ಯಾಕೆಂದರೆ ಅವು ಸಲೀಸಾಗಿ ನೋಡಿಸಿಕೊಳ್ಳುವಂಥವಲ್ಲ. ಜನ ಒಂದೇ ಸಮನೆ ಕುಡಿಯುತ್ತಾರೆ, ಅಗತ್ಯಕ್ಕಿಂತ ಜೋರಾಗಿ ನಗುತ್ತಾರೆ, ಹೇಳಬೇಕಾದ ಮಾತು ಬಿಟ್ಟು ಬೇರೆಲ್ಲ ಆಡುತ್ತಾರೆ. ದೃಶ್ಯ ಇನ್ನೇನು ಮುಗಿಯಿತು ಅನ್ನಿಸಿದ ಮೇಲೂ ಹತ್ತು ನಿಮಿಷ ಎಳೆಯುತ್ತದೆ. ಆ ಹೆಚ್ಚುವರಿ ಹತ್ತು ನಿಮಿಷದಲ್ಲೇ ಅವನ ಸಿನಿಮಾ ಇರುವುದು. ಮನೆಯ ಕಾಗದಪತ್ರ ಅಡವಿಟ್ಟು, ಗೆಳೆಯರ ಜೇಬಿಗೆ ಕೈಹಾಕಿ, ಸ್ಟುಡಿಯೋದವರೊಂದಿಗೆ ಜಗಳ ಕಾಯ್ದು ಅವನು ಸಂಪಾದಿಸಿದ್ದು ನಟನಟಿಯರಿಗೆ ಬೇಕಾದ ಸಮಯವನ್ನು.

ಕ್ಯಾಸವೆಟೀಸ್ ಹುಟ್ಟಿದ್ದು 1929ರ ಡಿಸೆಂಬರ್ 9ರಂದು, ನ್ಯೂಯಾರ್ಕಿನ ಗ್ರೀಕ್ ಮೂಲದ ಕುಟುಂಬದಲ್ಲಿ. ಎಳವೆಯ ಕೆಲವು ವರ್ಷಗಳನ್ನು ಗ್ರೀಸಿನಲ್ಲಿ ಕಳೆದು ಏಳರ ವಯಸ್ಸಿಗೆ ಅಮೆರಿಕಕ್ಕೆ ಮರಳಿದಾಗ ಅವನಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಮುಂದೆ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ಅಭಿನಯ ಕಲಿತು 1950ರಲ್ಲಿ ಹೊರಬಿದ್ದ. ಅದೇ ಸಂಸ್ಥೆಯಲ್ಲಿ ಓದಿದ ನಟಿ ಜೀನಾ ರೋಲಂಡ್ಸ್‌ಳನ್ನು 1954ರಲ್ಲಿ ಮದುವೆಯಾದ. ಟೆಲಿವಿಷನ್‌ನಲ್ಲಿ ನಾಟಕಗಳು ನೇರಪ್ರಸಾರವಾಗುತ್ತಿದ್ದ ಕಾಲವದು. ಸಿಡುಕಿನ ಯುವಕನ ಪಾತ್ರಗಳಲ್ಲಿ ಅವನಿಗೆ ಬೇಗ ಹೆಸರು ಬಂತು. 1957ರ ‘ಎಡ್ಜ್ ಆಫ್ ದಿ ಸಿಟಿ’ಯಲ್ಲಿ ಸಿಡ್ನಿ ಪಾಟಿಯೇ ಜೊತೆಗೆ ನಟಿಸಿದ.

ಇದೇ ಹೊತ್ತಿಗೆ ಮ್ಯಾನ್‌ಹಟನ್‌ನಲ್ಲಿ ಗೆಳೆಯ ಬರ್ಟ್ ಲೇನ್ ಜೊತೆಗೂಡಿ ಅಭಿನಯದ ಕಾರ್ಯಾಗಾರವೊಂದನ್ನು ಶುರುಮಾಡಿದ್ದ. ಅಲ್ಲಿನ ಒಂದು ಅಭ್ಯಾಸ ಹೀಗಿತ್ತು: ಕಪ್ಪು ಜನಾಂಗದ ಮೂವರು ಒಡಹುಟ್ಟಿದವರು, ಅಣ್ಣನ ಮೈಬಣ್ಣ ಕಪ್ಪು, ತಮ್ಮ ಮತ್ತು ತಂಗಿ ನೋಡುವವರ ಕಣ್ಣಿಗೆ ಬಿಳಿಯರಂತೆಯೇ ಕಾಣುತ್ತಾರೆ. ತಂಗಿಯನ್ನು ಪ್ರೀತಿಸಿದ ಬಿಳಿಯ ಹುಡುಗ ಅವಳ ಮನೆಗೆ ಬಂದಾಗ ಅಣ್ಣ ಬಾಗಿಲಿನಿಂದ ಒಳಗೆ ಬರುತ್ತಾನೆ. ಆಗ ಹುಡುಗನ ಮುಖದಲ್ಲಿ ಏನಾಗುತ್ತದೆ? ಈ ಒಂದು ಕ್ಷಣದಿಂದ ಇಡೀ ಸಿನಿಮಾ ಹುಟ್ಟಬಹುದೆಂದು ಕ್ಯಾಸವೆಟೀಸ್‌ಗೆ ಅನ್ನಿಸಿತು. 1957ರ ಆರಂಭದಲ್ಲಿ ಜೀನ್ ಶೆಫರ್ಡ್ ನಡೆಸುತ್ತಿದ್ದ ತಡರಾತ್ರಿಯ ರೇಡಿಯೋ ಕಾರ್ಯಕ್ರಮಕ್ಕೆ ‘ಎಡ್ಜ್ ಆಫ್ ದಿ ಸಿಟಿ’ಯ ಪ್ರಚಾರಕ್ಕೆಂದು ಹೋದವನು, ಕೇಳುಗರು ತಲಾ ಒಂದೆರಡು ಡಾಲರ್ ಕಳಿಸಿದರೆ ಸಾಮಾನ್ಯ ಜನರ ಬಗ್ಗೆ ಇದಕ್ಕಿಂತ ಒಳ್ಳೆಯ ಸಿನಿಮಾ ಮಾಡಿ ತೋರಿಸುತ್ತೇನೆ ಎಂದುಬಿಟ್ಟ. ಪ್ರಚಾರಕ್ಕೆ ಹೋದ ಸಿನಿಮಾದ ನಿರ್ಮಾಪಕರಿಗೆ ಹೇಗಾಗಿರಬೇಡ! ದುಡ್ಡು ಮಾತ್ರ ನಿಜಕ್ಕೂ ಬಂತು, ಸುಮಾರು ಎರಡು ಸಾವಿರ ಡಾಲರ್. ಐವತ್ತೈದು ವರ್ಷಗಳ ನಂತರ ಪವನ್ ಕುಮಾರ್ ‘ಲೂಸಿಯಾ’ಕ್ಕಾಗಿ ಕನ್ನಡದ ಪ್ರೇಕ್ಷಕರಿಂದಲೇ ಬಂಡವಾಳ ಕೂಡಿಸಿದಾಗ ಅದು ಅಂತರ್ಜಾಲ ಕಾಲದ ಹೊಸ ವಿದ್ಯೆ ಎಂದು ಸುದ್ದಿಯಾಗಿತ್ತು. ರೇಡಿಯೋ ಮತ್ತು ಅಂಚೆಯ ಕಾಲದಲ್ಲೇ ಅದು ನಡೆದುಹೋಗಿತ್ತು.

ಹೀಗೆ ಶುರುವಾದ ‘ಶ್ಯಾಡೋಸ್’ ಮುಗಿಯುವ ಹೊತ್ತಿಗೆ ಸುಮಾರು ನಲವತ್ತು ಸಾವಿರ ಡಾಲರ್ ನುಂಗಿತ್ತು. 16 ಎಂ.ಎಂ. ಕ್ಯಾಮೆರಾ, ಕಾರ್ಯಾಗಾರದ ಹುಡುಗ ಹುಡುಗಿಯರೇ ನಟರು, ಅವರೇ ಸಾಮಾನು ಹೊರುವವರು. ಬೀದಿಯಲ್ಲಿ ಚಿತ್ರೀಕರಿಸಲು ಪರವಾನಗಿ ಇಲ್ಲ. ಮಾತನ್ನು ನೆಟ್ಟಗೆ ಮುದ್ರಿಸಿಕೊಂಡಿರಲಿಲ್ಲ, ಯಾರು ಏನು ಹೇಳಿದರೆಂದು ಬರೆದಿಟ್ಟುಕೊಂಡಿರಲೂ ಇಲ್ಲ. ಡಬ್ಬಿಂಗ್ ಮಾಡುವಾಗ ತುಟಿಯ ಚಲನೆ ನೋಡಿ ಮಾತು ಹೇಳಬಲ್ಲವರನ್ನು ಕರೆಸಬೇಕಾಯಿತಂತೆ. ಸಂಗೀತಕ್ಕೆ ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್‌ನನ್ನು ಹಿಡಿದರು. ಅವನದೂ ತನ್ನದೇ ಲಯ, ಕೊಟ್ಟ ಗಡುವಿಗೆ ಕೆಲಸ ಮುಗಿಯಲಿಲ್ಲ. ಕೊನೆಗೆ ಅವನ ತಂಡದ ಶಫಿ ಹಾದಿ ನುಡಿಸಿದ ಸ್ಯಾಕ್ಸೋಫೋನ್ ಸಿನಿಮಾದ ಉದ್ದಕ್ಕೂ ಉಳಿಯಿತು.

1958ರ ಕೊನೆಯಲ್ಲಿ ತೋರಿಸಿದ ಮೊದಲ ಆವೃತ್ತಿ ಬಹುಪಾಲು ಜನಕ್ಕೆ ಹಿಡಿಸಲಿಲ್ಲ. ಆದರೆ ‘ಫಿಲ್ಮ್ ಕಲ್ಚರ್’ ಪತ್ರಿಕೆಯ ಜೋನಸ್ ಮೇಕಸ್ ಮರುಳಾಗಿ ಅದಕ್ಕೆ ಪತ್ರಿಕೆಯ ಮೊಟ್ಟಮೊದಲ ಸ್ವತಂತ್ರ ಚಿತ್ರ ಪ್ರಶಸ್ತಿ ಕೊಟ್ಟ. ಕ್ಯಾಸವೆಟೀಸ್ ಏನು ಮಾಡಿದ? ಹೊಗಳಿದವರ ಮಾತು ಬಿಟ್ಟು ಹಿಡಿಸದವರ ಮಾತು ಕೇಳಿದ. ಕ್ಯಾಮೆರಾದ ಚಮತ್ಕಾರ ಹೆಚ್ಚಾಯಿತು, ಮನುಷ್ಯರು ಕಡಿಮೆಯಾದರು ಎಂದು ಅವನಿಗೇ ಅನ್ನಿಸಿತ್ತು. ನಟರನ್ನು ಮತ್ತೆ ಕರೆಸಿ ಹೊಸ ದೃಶ್ಯ ತೆಗೆದು 1959ರಲ್ಲಿ ಬೇರೆಯದೇ ಸಿನಿಮಾ ಮಾಡಿದ. ಮೇಕಸ್ ಕೆಂಡವಾದ. ಹೊಸದು ಎಲ್ಲರಂಥ ಸಿನಿಮಾ, ಹಳೆಯದೇ ಅಸಲಿ ಎಂದು ಬರೆದ. ಹಳೆಯ ಪ್ರತಿ ಮಾತ್ರ ಕಾಣೆಯಾಗಿತ್ತು. ದಶಕಗಳ ನಂತರ ಅದನ್ನು ಪತ್ತೆಹಚ್ಚಿದ ವಿದ್ವಾಂಸ ರೇ ಕಾರ್ನಿ ಹೇಳುವಂತೆ, ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಯಾರೋ ಮರೆತುಹೋದ ಸಾಮಾನುಗಳ ಹರಾಜಿನಲ್ಲಿ ಅದು ಬಿಕರಿಯಾಗಿತ್ತು. 2004ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಗಂಡ ಬೇಡವೆಂದು ಬಿಟ್ಟದ್ದನ್ನು ಜನಕ್ಕೆ ತೋರಿಸುವುದು ರೋಲಂಡ್ಸ್‌ಗೆ ಸರಿಬರಲಿಲ್ಲ, ಆಕೆ ತಕರಾರು ತೆಗೆದಳು.

‘ಶ್ಯಾಡೋಸ್’ನ ಕೊನೆಯಲ್ಲಿ, ಈಗ ನೀವು ನೋಡಿದ್ದು ಸ್ಥಳದಲ್ಲೇ ಕಟ್ಟಿದ ಅಭಿನಯ ಎಂಬರ್ಥದ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ. ಎರಡನೆಯ ಸಲ ತೆಗೆದ ದೃಶ್ಯಗಳಲ್ಲಿ ಹೆಚ್ಚಿನವನ್ನು ಕ್ಯಾಸವೆಟೀಸ್ ಬರೆದುಕೊಂಡೇ ತೆಗೆದಿದ್ದ. ಆದರೂ ಆ ಒಂದು ಸಾಲು ಅವನಿಗೆ ಜನ್ಮಕ್ಕಂಟಿತು. ಬಾಯಿಗೆ ಬಂದದ್ದನ್ನು ನಟರು ಆಡುತ್ತಾರೆ, ಇವನು ಕ್ಯಾಮೆರಾ ಓಡಿಸುತ್ತಾನೆ, ಅಷ್ಟೇ ಎಂಬ ನಂಬಿಕೆ ಇವತ್ತಿಗೂ ಹೋಗಿಲ್ಲ.

‘ಶ್ಯಾಡೋಸ್’ಗೆ ವೆನಿಸ್‌ನಲ್ಲಿ ವಿಮರ್ಶಕರ ಮೆಚ್ಚುಗೆ ಸಿಕ್ಕ ಮೇಲೆ ಹಾಲಿವುಡ್ ಕರೆಯಿತು. ಪ್ಯಾರಮೌಂಟ್‌ಗೆ ಮಾಡಿಕೊಟ್ಟ ‘ಟೂ ಲೇಟ್ ಬ್ಲೂಸ್’ (1961) ಸಪ್ಪೆ. ‘ಎ ಚೈಲ್ಡ್ ಈಸ್ ವೇಟಿಂಗ್’ (1963) ಜಗಳದಲ್ಲಿ ಮುಗಿಯಿತು. ಬುದ್ಧಿಮಾಂದ್ಯ ಮಕ್ಕಳ ಶಾಲೆಯೊಂದರ ಕಥೆ, ಬರ್ಟ್ ಲ್ಯಾಂಕಾಸ್ಟರ್ ಮತ್ತು ಜೂಡಿ ಗಾರ್ಲಂಡ್ ಜೊತೆ ಅಂಥ ಮಕ್ಕಳೇ ನಟಿಸಿದ್ದರು. ಆ ಮಕ್ಕಳು ಅವರವರ ಮಟ್ಟಿಗೆ ಪೂರ್ಣವಾಗಿಯೇ ಇದ್ದಾರೆ, ಕೊರತೆ ಇರುವುದು ದೊಡ್ಡವರಲ್ಲಿ ಎಂಬುದು ಕ್ಯಾಸವೆಟೀಸ್‌ನ ನಿಲುವು. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್‌ಗೆ ಬೇಕಿದ್ದದ್ದು ಕರುಣೆ ಉಕ್ಕಿಸುವ ಸಿನಿಮಾ. ಕ್ರೇಮರ್ ತನಗೆ ಬೇಕಾದಂತೆ ಕತ್ತರಿಸಿದ, ನೋಡಿದ ಕ್ಯಾಸವೆಟೀಸ್ ಕೈಮಾಡಿದ ಎಂದು ಕಥೆ ಇದೆ. ಅದಾದ ಮೇಲೆ ಕೆಲಕಾಲ ಅವನಿಗೆ ನಿರ್ದೇಶನದ ಕೆಲಸ ಕೊಡುವವರಿರಲಿಲ್ಲ.

ಹೀಗೆ ಬಾಗಿಲು ಮುಚ್ಚಿದ ಮೇಲೆ ‘ಫೇಸಸ್’ ಶುರುವಾದದ್ದು. ಲಾಸ್ ಏಂಜಲೀಸ್‌ನ ಗುಡ್ಡದ ಮೇಲಿನ ಸ್ವಂತ ಮನೆಯೇ ಸೆಟ್, ಆರು ತಿಂಗಳು ರಾತ್ರಿ ಹೊತ್ತು ಚಿತ್ರೀಕರಣ. ಸ್ಟೀವನ್ ಸ್ಪೀಲ್‌ಬರ್ಗ್ ಎಂಬ ಚಿಕ್ಕ ಹುಡುಗನೂ ಕೆಲವು ದಿನ ಅಲ್ಲಿ ಓಡಾಟದ ಕೆಲಸ ಮಾಡಿದ್ದ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಉಳ್ಳವರ ಮನೆಯ ಗಂಡ ಹೆಂಡತಿ, ಒಂದು ರಾತ್ರಿ ಬೇರೆಬೇರೆ ಕಡೆ ಬೇರೆಯವರ ತೋಳಿನಲ್ಲಿ ಕಳೆಯುವ ಕಥೆ. ಹೆಂಡತಿಯ ಪಾತ್ರ ಮಾಡಿದ ಲಿನ್ ಕಾರ್ಲಿನ್ ಅದಕ್ಕೆ ಮುಂಚೆ ಸಿನಿಮಾದಲ್ಲಿ ನಟಿಸಿದವಳೇ ಅಲ್ಲ. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದಳು. ಮೊದಲ ಚಿತ್ರಕ್ಕೇ ಅವಳ ಹೆಸರು ಆಸ್ಕರ್ ಪಟ್ಟಿಗೆ ಹೋಯಿತು. ಅವಳೊಂದಿಗೆ ಆ ರಾತ್ರಿ ಕಳೆಯುವ ತರುಣನಾಗಿ ನಟಿಸಿದ ಸೀಮೋರ್ ಕ್ಯಾಸಲ್‌ನದೂ ಹೋಯಿತು. ಗಂಡನ ಪಾತ್ರದ ಜಾನ್ ಮಾರ್ಲಿಗೆ ವೆನಿಸ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಚಿತ್ರದ ಕೊನೆಯ ಭಾಗ ನೋಡಬೇಕು. ರಾತ್ರಿ ಕಳೆದ ಮೇಲೆ ಅವಳು ನಿದ್ರೆಮಾತ್ರೆ ನುಂಗಿದ್ದಾಳೆ. ಗಾಬರಿಬಿದ್ದ ತರುಣ ಅವಳನ್ನು ಷವರ್ ಕೆಳಗೆ ಎಳೆದು ತಂದು, ಗಂಟಲಿಗೆ ಬೆರಳು ಹಾಕಿ, ಕೆನ್ನೆಗೆ ಹೊಡೆದು, ಅತ್ತು ಹೇಗೋ ಬದುಕಿಸುತ್ತಾನೆ. ಅಷ್ಟರಲ್ಲಿ ಗಂಡ ಬರುವ ಸದ್ದು. ತರುಣ ಕಿಟಕಿಯಿಂದ ಜಿಗಿದು ಮಾಡಿನ ಮೇಲಿಂದ ಓಡುತ್ತಾನೆ, ಆ ಓಟ ಹಾಸ್ಯಚಿತ್ರದಲ್ಲಿನಂತೆಯೇ ಇದೆ. ಆಮೇಲೆ ಗಂಡ ಹೆಂಡತಿ ಇಬ್ಬರೂ ಮಹಡಿ ಮೆಟ್ಟಿಲ ಮೇಲೆ ಕೂರುತ್ತಾರೆ. ಸಿಗರೇಟು ಸೇದುತ್ತಾರೆ, ಕೆಮ್ಮುತ್ತಾರೆ. ಕಿರಿದಾದ ಮೆಟ್ಟಿಲು, ಆಚೀಚೆ ಹೋಗಬೇಕೆಂದರೆ ಒಬ್ಬರ ಕಾಲು ಒಬ್ಬರು ದಾಟಲೇಬೇಕು. ಡೈವೋರ್ಸ್ ಆಯಿತೇ, ಕ್ಷಮಿಸಿದರೇ, ಸಿನಿಮಾ ಹೇಳುವುದಿಲ್ಲ. ಹೇಳಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

‘ಫೇಸಸ್’ಗೆ ಬಂದ ಮೂರನೆಯ ಆಸ್ಕರ್ ನಾಮನಿರ್ದೇಶನ ಚಿತ್ರಕಥೆಗೆ, ಅಂದರೆ ಬರಹಕ್ಕೆ. ಬರೆಯದೇ ಸಿನಿಮಾ ಮಾಡುತ್ತಾನೆಂಬ ಮಾತಿಗೆ ಇಷ್ಟು ಉತ್ತರ ಸಾಕು. ಕ್ಯಾಸವೆಟೀಸ್ ಪುಟಗಟ್ಟಲೆ ಬರೆಯುತ್ತಿದ್ದ, ಬಾಯಲ್ಲಿ ಹೇಳಿ ಬರೆಸುತ್ತಿದ್ದ, ತಾಲೀಮಿನಲ್ಲಿ ನಟರ ಬಾಯಲ್ಲಿ ಮಾತು ಒಗ್ಗದಿದ್ದರೆ ರಾತ್ರಿ ಕೂತು ತಿದ್ದುತ್ತಿದ್ದ. ಸಂಭಾಷಣೆ ಸಾಮಾನ್ಯವಾಗಿ ಅವನದೇ. ಅದನ್ನು ಹೇಗೆ ಆಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು ಮಾತ್ರ ನಟರದು. ಸಾಮಾನ್ಯವಾಗಿ ನೆಲದ ಮೇಲೆ ಟೇಪು ಅಂಟಿಸಿ ನಟರಿಗೆ ನಿಲ್ಲುವ ಜಾಗ ಗುರುತು ಮಾಡುತ್ತಾರೆ, ಫೋಕಸ್ ತಪ್ಪದಿರಲಿ ಎಂದು. ಇವನ ಸೆಟ್ಟಿನಲ್ಲಿ ಇಡೀ ಕೋಣೆಗೆ ಬೆಳಕು, ನಟ ಎಲ್ಲಿಗೆ ಬೇಕಾದರೂ ಹೋಗಬಹುದು, ಕ್ಯಾಮೆರಾದವನೇ ಅವನ ಹಿಂದೆ ಓಡಬೇಕು. ಫೋಕಸ್ ತಪ್ಪಿದರೆ ತಪ್ಪಲಿ, ಅಭಿನಯ ಚೆನ್ನಾಗಿದ್ದರೆ ಆ ಶಾಟ್ ಸಿನಿಮಾದಲ್ಲಿ ಉಳಿಯುತ್ತಿತ್ತು.

ಈ ಸ್ವಾತಂತ್ರ್ಯ ಎಲ್ಲರಿಗೂ ಸುಖ ಕೊಟ್ಟಿತೆಂದಲ್ಲ. ನಟರು ಪಾತ್ರದ ಬಗ್ಗೆ ಪ್ರಶ್ನೆ ಕೇಳಿದರೆ ಅವನು ಉತ್ತರಿಸುತ್ತಿರಲಿಲ್ಲ. ಉತ್ತರಿಸಿದರೂ ಕೇಳಿದ ಪ್ರಶ್ನೆಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ. ‘ಹಸ್ಬೆಂಡ್ಸ್’ (1970) ಮಾಡುವಾಗ ಪೀಟರ್ ಫಾಕ್ ಏನು ನಡೆಯುತ್ತಿದೆ ಎಂದೇ ತಿಳಿಯದೆ ರೋಸಿಹೋಗಿದ್ದ. ಗೆಳೆಯನೊಬ್ಬನ ಶವಸಂಸ್ಕಾರ ಮುಗಿಸಿದ ಮೂವರು ನಡುವಯಸ್ಸಿನ ಗಂಡಸರು ಮನೆಗೆ ಹೋಗದೆ ದಿನಗಟ್ಟಲೆ ಕುಡಿದು, ಕೊನೆಗೆ ಲಂಡನ್‌ಗೆ ವಿಮಾನ ಹತ್ತುವ ಕಥೆ. ಫಾಕ್, ಬೆನ್ ಗಜಾರಾ ಮತ್ತು ಕ್ಯಾಸವೆಟೀಸ್ ಆ ಮೂವರು. ಬಾರಿನಲ್ಲಿ ಕೂತು ಒಬ್ಬೊಬ್ಬರಿಂದ ಹಾಡು ಹೇಳಿಸುವ, ಸರಿಯಾಗಿ ಹಾಡಲಿಲ್ಲವೆಂದು ಒಬ್ಬ ಹೆಂಗಸನ್ನು ಗೋಳುಹೊಯ್ದುಕೊಳ್ಳುವ ದೃಶ್ಯ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಅವನ ಅಭಿಮಾನಿಗಳು ಇದನ್ನು ಗಂಡಸುತನದ ಪೊಳ್ಳನ್ನು ಬಯಲುಮಾಡುವ ಸಿನಿಮಾ ಎನ್ನುತ್ತಾರೆ. ಬಯಲುಮಾಡುವ ಭರದಲ್ಲಿ ಸಿನಿಮಾ ತಾನೂ ಆ ಗಂಡಸರ ಜೊತೆ ಕೂತು ಕುಡಿಯುತ್ತದೆ ಎಂಬುದೇ ತೊಡಕು. ಹೆಸರಾಂತ ವಿಮರ್ಶಕಿ ಪಾಲಿನ್ ಕೇಲ್ ಅವನ ಸಿನಿಮಾಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ‘ಹಸ್ಬೆಂಡ್ಸ್’ ಮಟ್ಟಿಗಾದರೂ ಆಕೆಯದು ತಪ್ಪೆನ್ನುವುದು ಕಷ್ಟ.

ಅದೇ ಪೀಟರ್ ಫಾಕ್ ಕೆಲವೇ ವರ್ಷಗಳಲ್ಲಿ, ‘ಕೊಲಂಬೋ’ ಪತ್ತೇದಾರಿ ಸರಣಿಯಿಂದ ಮನೆಮಾತಾಗಿದ್ದಾಗ, ತನ್ನ ಐದು ಲಕ್ಷ ಡಾಲರ್ ತಂದು ಕ್ಯಾಸವೆಟೀಸ್ ಕೈಗಿತ್ತ. ಕ್ಯಾಸವೆಟೀಸ್ ತನ್ನ ಮನೆ ಅಡವಿಟ್ಟ. ಆ ದುಡ್ಡಿನಲ್ಲಿ ಆದದ್ದು ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ (1974).

ಮೊದಲು ಇದನ್ನು ನಾಟಕವಾಗಿಯೇ ಬರೆದದ್ದು. ಈ ಕಾಲದ ಹೆಂಗಸರ ಪಾಡಿನ ಬಗ್ಗೆ ಒಂದು ನಾಟಕ ಬೇಕೆಂದು ಹೆಂಡತಿ ಕೇಳಿದ್ದಳು. ಬರೆದುಕೊಟ್ಟದ್ದನ್ನು ಓದಿದ ರೋಲಂಡ್ಸ್, ದಿನವೂ ರಾತ್ರಿ ಇದನ್ನು ರಂಗದ ಮೇಲೆ ಆಡಿದರೆ ತಾನು ಉಳಿಯುವುದಿಲ್ಲ ಎಂದಳು. ಹಾಗಾಗಿ ಸಿನಿಮಾ ಆಯಿತು. ಆಗ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ಯಾಸವೆಟೀಸ್ ಅತಿಥಿಯಾಗಿದ್ದುದರಿಂದ ಅಲ್ಲಿನ ವಿದ್ಯಾರ್ಥಿಗಳೇ ತಂಡಕ್ಕೆ ಬಂದರು. ನಾಯಕಿ ಮೇಬಲ್‌ಳ ಪಾತ್ರ ಕೈಗೆ ಸಿಕ್ಕದೆ ಒಮ್ಮೆ ರೋಲಂಡ್ಸ್ ಗಂಡನ ಸಹಾಯ ಕೇಳಿದಳು. ಓದಿದ್ದೀಯ, ಒಪ್ಪಿದ್ದೀಯ, ಇನ್ನು ಮಾಡು ಎಂಬರ್ಥದ ಉತ್ತರ ಬಂತಂತೆ. ಮೊದಲಿಗೆ ಸಿಟ್ಟು ಬಂದರೂ ಪಾತ್ರ ಪೂರಾ ತನ್ನದು ಎಂದು ಆಮೇಲೆ ತಿಳಿಯಿತೆಂದು ಆಕೆ ಹೇಳಿಕೊಂಡಿದ್ದಾಳೆ.

ನಿಕ್ ಲಾಂಗೆಟ್ಟಿ ಊರಿನ ನೀರಿನ ಕೊಳವೆ ದುರಸ್ತಿ ಮಾಡುವ ಗ್ಯಾಂಗಿನ ಮೇಸ್ತ್ರಿ. ಹೆಂಡತಿ ಮೇಬಲ್‌ಗೆ ಮೂವರು ಮಕ್ಕಳು. ಎಲ್ಲರನ್ನೂ ಸಂತೋಷವಾಗಿಡಬೇಕೆಂಬ ತವಕವೇ ಅವಳಲ್ಲಿ ಅತಿಯಾಗಿದೆ. ಒಂದು ರಾತ್ರಿ ಮಕ್ಕಳನ್ನು ಅಜ್ಜಿಮನೆಗೆ ಕಳಿಸಿ ಗಂಡನಿಗಾಗಿ ಕಾಯುತ್ತಾಳೆ. ಎಲ್ಲೋ ಪೈಪು ಒಡೆದು ಅವನು ಬರುವುದೇ ಇಲ್ಲ. ಬೆಳಿಗ್ಗೆ ಬರುವಾಗ ಜೊತೆಗೆ ಇಡೀ ಗ್ಯಾಂಗು.

ಮೇಬಲ್ ಅಷ್ಟೂ ಜನಕ್ಕೆ ಸ್ಪೆಗೆಟಿ ಬೇಯಿಸುತ್ತಾಳೆ. ಉದ್ದನೆಯ ಮೇಜಿನ ಎರಡೂ ಕಡೆ ಕೂತ ಕೂಲಿಕಾರರು ಮುಜುಗರದಿಂದ ತಿನ್ನುತ್ತಿದ್ದಾರೆ. ಅವಳು ಒಬ್ಬೊಬ್ಬರ ಹೆಸರು ಕೇಳುತ್ತಾಳೆ, ಮೊದಲೇ ಪರಿಚಯವಿದ್ದವರ ಹೆಸರನ್ನೂ ಕೇಳುತ್ತಾಳೆ. ಅವರಲ್ಲೊಬ್ಬ ಕಪ್ಪು ಕಾರ್ಮಿಕ ಇದ್ದಕ್ಕಿದ್ದಂತೆ ಒಳ್ಳೆಯ ಕಂಠದಲ್ಲಿ ಆಪೆರಾ ಹಾಡು ಎತ್ತಿಕೊಳ್ಳುತ್ತಾನೆ. ಮೇಬಲ್ ಅವನ ಹತ್ತಿರ ಬಂದು, ಈ ದನಿ ಎಲ್ಲಿಂದ ಬರುತ್ತಿದೆ ಎನ್ನುವ ಹಾಗೆ ಅವನ ಬಾಯನ್ನೇ ನೋಡುತ್ತ ನಿಲ್ಲುತ್ತಾಳೆ. ಎಲ್ಲರಿಗೂ ಖುಷಿ. ಆ ಖುಷಿಯಲ್ಲಿ ಮತ್ತೊಬ್ಬನನ್ನು ಕುಣಿಯಲು ಎಬ್ಬಿಸುತ್ತಾಳೆ. ಅವನು ನಾಚಿ ಬೇಡ ಎನ್ನುತ್ತಾನೆ, ಇವಳು ಬಿಡುವುದಿಲ್ಲ. ಅದುವರೆಗೆ ನಗುತ್ತಿದ್ದ ನಿಕ್ ಮೇಜಿನ ಆ ತುದಿಯಿಂದ ಗದರುತ್ತಾನೆ. ಒಂದೇ ಗದರಿಕೆಗೆ ಮೇಜು ಸ್ತಬ್ಧ. ಒಬ್ಬೊಬ್ಬರಾಗಿ ಎದ್ದು ಹೊರಡುತ್ತಾರೆ. ಮೇಬಲ್ ಮಾಡಿದ್ದರಲ್ಲಿ ತಪ್ಪೇನಿತ್ತು? ಎಲ್ಲಿಯವರೆಗೆ ಅದು ಆದರ, ಎಲ್ಲಿಂದ ಹುಚ್ಚು? ಗೆರೆ ಎಳೆದವನು ಗಂಡ. ಕೊನೆಗೆ ಮೇಬಲ್‌ಳನ್ನು ಆಸ್ಪತ್ರೆಗೆ ಸೇರಿಸುವವನೂ ಅವನೇ. ಆ ಗಂಡನೇ ಮುಂದೆ ಮಕ್ಕಳನ್ನು ಶಾಲೆಯಿಂದ ಎಬ್ಬಿಸಿ ಸಮುದ್ರತೀರಕ್ಕೆ ಕರೆದೊಯ್ದು, ವಾಪಸು ಬರುವಾಗ ಲಾರಿಯ ಹಿಂದೆ ಕೂರಿಸಿ ಅವಕ್ಕೆ ಬಿಯರ್ ಕುಡಿಸುತ್ತಾನೆ. ಅವನನ್ನು ಯಾರೂ ಆಸ್ಪತ್ರೆಗೆ ಸೇರಿಸುವುದಿಲ್ಲ. ಸಿನಿಮಾ ಇದನ್ನು ಬೊಟ್ಟುಮಾಡಿ ತೋರಿಸುವುದಿಲ್ಲ, ಸುಮ್ಮನೆ ಒಂದರ ನಂತರ ಒಂದು ಇಡುತ್ತದೆ.

ಆರು ತಿಂಗಳು ಆಸ್ಪತ್ರೆಯಲ್ಲಿದ್ದು ಮೇಬಲ್ ಮನೆಗೆ ಮರಳಿದಾಗ ಬಂಧುಬಳಗವೆಲ್ಲ ಸೇರಿದೆ. ಮಾತು ಮರೆತವಳಂತೆ ಅವಳು ಅಳೆದು ತೂಗಿ ಹೆಜ್ಜೆ ಇಡುತ್ತಾಳೆ. ನೀನು ಮೊದಲಿನ ಹಾಗೇ ಇರು ಎಂದು ಈಗ ನಿಕ್ ಒತ್ತಾಯಿಸುತ್ತಾನೆ! ಅಪ್ಪಾ, ನನ್ನ ಪರ ನಿಲ್ಲುತ್ತೀಯಾ ಎಂದು ಅವಳು ಕೇಳಿದರೆ ಪಾಪ ಆ ಮುದುಕ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. ಎಲ್ಲ ರಂಪ ಮುಗಿದು ಜನ ಹೋದ ಮೇಲೆ ಗಂಡ ಹೆಂಡತಿ ಮೇಜು ಸರಿಸಿ, ತಟ್ಟೆ ಎತ್ತಿ, ಊಟದ ಕೋಣೆಯಲ್ಲೇ ಇರುವ ಎಳೆದು ಬಿಡಿಸುವ ಹಾಸಿಗೆ ಬಿಡಿಸುತ್ತಾರೆ. ಅವರು ಮಲಗುವ ಜಾಗ ಅದೇ ಎಂದು ಮೊದಲಿಂದ ಗೊತ್ತಿದ್ದರೂ ಈಗ ಹೊಸದಾಗಿ ಹೊಳೆಯುತ್ತದೆ: ಈ ಮನೆಯಲ್ಲಿ ಮೇಬಲ್‌ಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿಲ್ಲ.

ನಡುವಯಸ್ಸಿನ ಹುಚ್ಚಿಯೊಬ್ಬಳ ಕಥೆ ಯಾರಿಗೆ ಬೇಕು ಎಂಬ ಧಾಟಿಯಲ್ಲಿ ವಿತರಕರು ಕೈಕೊಡವಿಬಿಟ್ಟರು. ಕ್ಯಾಸವೆಟೀಸ್ ತಾನೇ ವಿತರಣೆಗಿಳಿದ. ಕಚೇರಿ ತೆರೆದು, ನಟರನ್ನೂ ಗೆಳೆಯರನ್ನೂ ಫೋನಿನ ಮುಂದೆ ಕೂರಿಸಿ, ಊರೂರಿನ ಥಿಯೇಟರ್ ಮಾಲೀಕರಿಗೆ ನೇರವಾಗಿ ಕರೆಮಾಡಿಸಿದ. ಕಾಲೇಜುಗಳಿಗೆ ಪ್ರಿಂಟ್ ಹೊತ್ತುಕೊಂಡು ಹೋಗಿ ತೋರಿಸಿ, ಫಾಕ್ ಜೊತೆ ನಿಂತು ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸಿದ. ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಸದ್ದುಮಾಡಿದ ಮೇಲೆ ಸಿನಿಮಾ ಓಡಿತು, ಹಾಕಿದ ದುಡ್ಡು ಬಂತು. ಅತ್ಯುತ್ತಮ ನಿರ್ದೇಶಕ ಮತ್ತು ಅತ್ಯುತ್ತಮ ನಟಿ, ಎರಡಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ನಿರ್ದೇಶಕನ ಪ್ರಶಸ್ತಿ ‘ಗಾಡ್‌ಫಾದರ್’ ಎರಡನೆಯ ಭಾಗಕ್ಕಾಗಿ ಕೊಪ್ಪೊಲಾ ಪಾಲಾಯಿತು. ಅದಕ್ಕೆ ತಕರಾರಿಲ್ಲ. ರೋಲಂಡ್ಸ್‌ಗೆ ಬರಲಿಲ್ಲವೆಂಬುದಕ್ಕೆ ಇದೆ.

ಗೆದ್ದ ದುಡ್ಡನ್ನು ಮುಂದಿನ ಸಿನಿಮಾದಲ್ಲಿ ಕಳೆದ. ‘ದಿ ಕಿಲ್ಲಿಂಗ್ ಆಫ್ ಎ ಚೈನೀಸ್ ಬುಕಿ’ (1976) ಹೆಸರಿಗೆ ಮಾಫಿಯಾ ಕಥೆ. ಲಾಸ್ ಏಂಜಲೀಸ್‌ನ ಕಳಪೆ ಕ್ಯಾಬರೆಯ ಮಾಲೀಕ ಕಾಸ್ಮೋ ವಿಟೆಲಿ, ಹಳೆಯ ಸಾಲ ತೀರಿಸಿದ ಖುಷಿಗೆ ಜೂಜಾಡಿ ಹೊಸ ಸಾಲ ಮಾಡಿಕೊಳ್ಳುತ್ತಾನೆ. ತೀರಿಸಲಾಗದಿದ್ದರೆ ಒಂದು ಕೊಲೆ ಮಾಡು ಎನ್ನುತ್ತಾರೆ ರೌಡಿಗಳು. ಕೊಲೆಗೆ ಹೊರಟ ದಾರಿಯಲ್ಲಿ ಕಾರು ಕೆಡುತ್ತದೆ. ಕಾಸ್ಮೋ ರಸ್ತೆಬದಿಯ ಟೆಲಿಫೋನ್ ಬೂತಿನಿಂದ ತನ್ನ ಕ್ಲಬ್ಬಿಗೆ ಫೋನ್ ಮಾಡುತ್ತಾನೆ, ಈಗ ವೇದಿಕೆಯ ಮೇಲೆ ಯಾವ ಐಟಂ ನಡೆಯುತ್ತಿದೆ ಎಂದು ವಿಚಾರಿಸಲು. ಫೋನೆತ್ತಿದವನಿಗೆ ಗೊತ್ತಿಲ್ಲ, ಇವನು ತಾಳ್ಮೆಗೆಟ್ಟು ಹಾಡು ಗುನುಗಿ ನೆನಪಿಸುತ್ತಾನೆ. ಕಾಸ್ಮೋ ಆಗಿ ನಟಿಸಿದ ಗಜಾರಾ ನಂತರ ನೆನೆಸಿಕೊಂಡಂತೆ, ಈ ಪಾತ್ರದ ಬಗ್ಗೆ ಮಾತಾಡುತ್ತ ಕ್ಯಾಸವೆಟೀಸ್ ಕಣ್ಣೀರು ಹಾಕಿದ್ದ. ಕನಸು ಇಟ್ಟುಕೊಂಡವರನ್ನು ತಿನ್ನುವ ಸಣ್ಣ ಜನರೇ ಆ ರೌಡಿಗಳು, ಕಾಸ್ಮೋ ಬೇರೆ ಯಾರೂ ಅಲ್ಲ, ಕ್ಯಾಸವೆಟೀಸನೇ ಎಂದು ಗಜಾರಾಗೆ ಆಗ ಅರ್ಥವಾಯಿತು. ಥಿಯೇಟರಿನಲ್ಲಿ ಸಿನಿಮಾ ಕೆಲವೇ ದಿನಗಳಲ್ಲಿ ಎತ್ತಂಗಡಿಯಾಯಿತು. 1978ರಲ್ಲಿ ಕ್ಯಾಸವೆಟೀಸ್ 135 ನಿಮಿಷದ್ದನ್ನು 108ಕ್ಕೆ ಇಳಿಸಿ ಮತ್ತೆ ಬಿಡುಗಡೆ ಮಾಡಿದ. ಆಗಲೂ ಜನ ಬರಲಿಲ್ಲ.

‘ಓಪನಿಂಗ್ ನೈಟ್’ನ (1977) ಗತಿ ಇನ್ನೂ ಕಷ್ಟದ್ದು. ವಯಸ್ಸಾಗುತ್ತಿರುವ ರಂಗನಟಿ ಮರ್ಟಲ್, ವಯಸ್ಸಾದವಳ ಪಾತ್ರ ಮಾಡಲು ಒಲ್ಲೆ ಎನ್ನುತ್ತಾಳೆ. ಮಳೆಯಲ್ಲಿ ಅವಳನ್ನು ಕಾಣಲು ಬಂದ ಹದಿಹರೆಯದ ಅಭಿಮಾನಿಯೊಬ್ಬಳು ಕಾರಿಗೆ ಸಿಕ್ಕಿ ಸಾಯುತ್ತಾಳೆ. ಆ ಹುಡುಗಿ ಮರ್ಟಲ್‌ಳನ್ನು ಬಿಡದೆ ಕಾಡುತ್ತಾಳೆ. ರೋಲಂಡ್ಸ್‌ಗೆ ಬರ್ಲಿನ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಅಮೆರಿಕದಲ್ಲಿ ವಿತರಕರೇ ಸಿಗಲಿಲ್ಲ. ಅಲ್ಲಿ ಅದು ಸರಿಯಾಗಿ ತೆರೆಕಂಡದ್ದು 1991ರಲ್ಲಿ, ಮಾಡಿದವನು ತೀರಿಹೋದ ಮೇಲೆ. ಸ್ಪೇನಿನ ಪೆಡ್ರೊ ಅಲ್ಮೊಡೊವಾರ್ 1999ರ ‘ಆಲ್ ಅಬೌಟ್ ಮೈ ಮದರ್’ನಲ್ಲಿ ಮಳೆ, ಅಭಿಮಾನಿ, ಕಾರು ಎಲ್ಲವನ್ನೂ ಇಲ್ಲಿಂದಲೇ ಎತ್ತಿಕೊಂಡು, ಚಿತ್ರವನ್ನು ಅರ್ಪಿಸಿದ ನಟಿಯರಲ್ಲಿ ರೋಲಂಡ್ಸ್ ಹೆಸರನ್ನೂ ಸೇರಿಸಿ ಋಣ ತೀರಿಸಿದ.

‘ಗ್ಲೋರಿಯಾ’ (1980) ದುಡ್ಡಿಗಾಗಿ ಬರೆದು ಮಾರಿದ ಚಿತ್ರಕಥೆ. ಕೊಲಂಬಿಯಾ ಕಂಪನಿ ಅವನಿಂದಲೇ ಮಾಡಿಸಿತು. ಅದಕ್ಕೆ ವೆನಿಸ್‌ನ ಚಿನ್ನದ ಸಿಂಹ ಸಿಕ್ಕಿತು, ಲೂಯಿ ಮಾಲ್‌ನ ‘ಅಟ್ಲಾಂಟಿಕ್ ಸಿಟಿ’ ಜೊತೆ ಹಂಚಿಕೊಂಡು. ಮನಸ್ಸಿಟ್ಟು ಮಾಡಿದ್ದು ನೆಲಕಚ್ಚುವುದು, ಕೈಬಿಟ್ಟು ಮಾಡಿದ್ದು ಗೆಲ್ಲುವುದು ಅವನಿಗೆ ಅಭ್ಯಾಸವಾಗಿತ್ತು.

ಕೊನೆಯ ದೊಡ್ಡ ಚಿತ್ರ ‘ಲವ್ ಸ್ಟ್ರೀಮ್ಸ್’ (1984). ಕುಡಿದು ಕುಡಿದು ಯಕೃತ್ತು ಕೈಕೊಟ್ಟಿತ್ತು, ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಜಾನ್ ವಾಯ್ಟ್ ಮಾಡಬೇಕಿದ್ದ ಪಾತ್ರವನ್ನು ಕಡೆಗಳಿಗೆಯಲ್ಲಿ ತಾನೇ ಹೊತ್ತುಕೊಂಡ. ಒಬ್ಬ ಅಣ್ಣ, ಒಬ್ಬ ತಂಗಿ. ಆ ಪಾತ್ರಗಳಲ್ಲಿ ಗಂಡ ಹೆಂಡತಿ. ಮನೆ ಅದೇ, ‘ಫೇಸಸ್’ ತೆಗೆದದ್ದು. ಅಣ್ಣನಿಗೆ ಪ್ರೀತಿಸಲು ಏನಾದರೂ ಬೇಕೆಂದು ತಂಗಿ ಟ್ಯಾಕ್ಸಿಯಲ್ಲಿ ಕುಳ್ಳ ಕುದುರೆ, ಆಡು, ಬಾತುಕೋಳಿ, ನಾಯಿಗಳನ್ನು ತುಂಬಿಕೊಂಡು ಬಂದಿಳಿಯುವ ದೃಶ್ಯವಿದೆ. ನಗಬೇಕೋ ಅಳಬೇಕೋ ತೀರ್ಮಾನಿಸುವುದನ್ನು ಅವನು ಎಂದಿನಂತೆ ನಮಗೇ ಬಿಟ್ಟಿದ್ದಾನೆ. ಬರ್ಲಿನ್‌ನಲ್ಲಿ ಅದಕ್ಕೆ ಚಿನ್ನದ ಕರಡಿ ಬಂತು. ನಂತರ ಬೇರೆಯವರ ಅರ್ಧಮರ್ಧ ಕೆಲಸವೊಂದನ್ನು ಗೆಳೆಯರಿಗಾಗಿ ಮುಗಿಸಿಕೊಟ್ಟ. ಅದನ್ನು ಅವನ ಲೆಕ್ಕಕ್ಕೆ ಸೇರಿಸಬೇಕಿಲ್ಲ. 1989ರ ಫೆಬ್ರುವರಿ 3ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡ. ಸಿನಿಮಾ ಆಗದ ನಲವತ್ತಕ್ಕೂ ಹೆಚ್ಚು ಚಿತ್ರಕಥೆಗಳು ಮನೆಯಲ್ಲಿ ಉಳಿದಿದ್ದವೆನ್ನುತ್ತಾರೆ. ರೋಲಂಡ್ಸ್‌ಗೆ 2015ರಲ್ಲಿ ಗೌರವ ಆಸ್ಕರ್ ಸಂದಿತು, 2024ರಲ್ಲಿ ಆಕೆಯೂ ಹೋದಳು.

ಅವನ ಶಿಷ್ಯರೆಂದು ಹೇಳಿಕೊಳ್ಳುವವರು ಬಹಳ. ಮಾರ್ಟಿನ್ ಸ್ಕೋರ್ಸೆಸೆಯ ಕಥೆ ಮಾತ್ರ ಹೇಳಬೇಕಾದ್ದು. 1972ರಲ್ಲಿ ಆತ ನಿರ್ಮಾಪಕ ರೋಜರ್ ಕಾರ್ಮನ್‌ಗಾಗಿ ‘ಬಾಕ್ಸ್‌ಕಾರ್ ಬರ್ತಾ’ ಎಂಬ ಅಗ್ಗದ ಚಿತ್ರ ಮಾಡಿ ಕ್ಯಾಸವೆಟೀಸ್‌ಗೆ ತೋರಿಸಿದ. ನೋಡಿದವನು ಹುಡುಗನನ್ನು ಅಪ್ಪಿಕೊಂಡು, ಬದುಕಿನ ಒಂದು ವರ್ಷವನ್ನು ಹೊಲಸಿಗೆ ಹಾಕಿದ್ದೀಯ ಎಂದುಬಿಟ್ಟ. ನಿನಗೆ ನಿಜಕ್ಕೂ ಮಾಡಬೇಕೆನ್ನಿಸಿದ್ದು ಏನಾದರೂ ಇದ್ದರೆ ಅದನ್ನು ಮಾಡು ಎಂದ. ಪೆಟ್ಟಿಗೆಯಲ್ಲಿದ್ದ ಹಳೆಯ ಚಿತ್ರಕಥೆಯನ್ನು ಸ್ಕೋರ್ಸೆಸೆ ಹೊರತೆಗೆದ. ಮರುವರ್ಷ ‘ಮೀನ್ ಸ್ಟ್ರೀಟ್ಸ್’ ಬಂತು.

ಕೈಯಲ್ಲಿ ಹಿಡಿದ ಕ್ಯಾಮೆರಾ, ಅಲುಗಾಡುವ ಶಾಟು, ತಡವರಿಸುವ ಮಾತು, ಇವೆಲ್ಲ ಈಗ ಯಾರು ಬೇಕಾದರೂ ಮಾಡುತ್ತಾರೆ. ಮೊಬೈಲ್ ಜಾಹೀರಾತಿನಲ್ಲೂ ಇವೆ. ಕ್ಯಾಸವೆಟೀಸ್‌ನಿಂದ ಸುಲಭಕ್ಕೆ ಕದಿಯಬಹುದಾದದ್ದು ಅಷ್ಟೇ. ಒಂದು ದೃಶ್ಯಕ್ಕಾಗಿ ನಟಿಗೆ ವಾರಗಟ್ಟಲೆ ಸಮಯ ಕೊಟ್ಟು, ಅದರ ಖರ್ಚನ್ನು ಮನೆಪತ್ರದ ಮೇಲೆ ಹಾಕಿಕೊಳ್ಳುವವರು ಅಂದೂ ಕಡಿಮೆ, ಇಂದೂ ಕಡಿಮೆ.

ಅವನ ಮೂರು ಚಿತ್ರಗಳನ್ನು ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿದೆ: ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ 1990ರಲ್ಲಿ, ‘ಶ್ಯಾಡೋಸ್’ 1993ರಲ್ಲಿ, ‘ಫೇಸಸ್’ 2011ರಲ್ಲಿ. ನೋಡುವವರು ಮೇಬಲ್ ಕಥೆಯಿಂದಲೇ ಶುರುಮಾಡಿ. ಎರಡೂವರೆ ಗಂಟೆಯ ಸಿನಿಮಾ, ರಾತ್ರಿ ಮಲಗುವ ಮುಂಚೆ ನೋಡುವಂಥದ್ದಲ್ಲ. ಆಮೇಲೆ ‘ಬುಕಿ’, 1978ರ ಚಿಕ್ಕ ಆವೃತ್ತಿ ಸಿಕ್ಕರೆ ಅದೇ ಆಗಲಿ. ‘ಹಸ್ಬೆಂಡ್ಸ್’ ಕೊನೆಗಿರಲಿ, ಬಾರಿನ ದೃಶ್ಯದಲ್ಲಿ ಎದ್ದು ಹೋಗಬೇಕೆನ್ನಿಸಿದರೆ ಧಾರಾಳವಾಗಿ ಎದ್ದು ಹೋಗಿ.